ಸಪ್ಪಲಮ್ಮನ ಟೀಮು, ಸಪ್ಪಲಮ್ಮನ ಮನೆಮರ

ಧರ್ಮಪುರಿ ಪಕ್ಕದ ಅದಿಯಮಾನ್‌ಕೋಟೆಯಲ್ಲಿ ಹುಣಸೆಹಣ್ಣಿನ ಮಂಡಿ ನಡೆಸುವ ಸಪ್ಪಲಮ್ಮನಿಗೆ ಮೊದಮೊದಲು ಫುಟ್‌ಬಾಲ್ ಅಂದರೆ ಬರೀ ಕಾಟ. ಹಣ್ಣು ಬಿಡಿಸಲು ಬರುವ ಹೆಂಗಸರ ಹೆಣ್ಣುಮಕ್ಕಳು ಹಣ್ಣು ಒಣಗಿಸುವ ಕಣದ ಪಕ್ಕದಲ್ಲೇ ಆಡುತ್ತಿದ್ದರು. ಒದ್ದ ಚೆಂಡೆಲ್ಲ ಬಂದು ಬೀಳುತ್ತಿದ್ದದ್ದು ಒಣಹಾಕಿದ ಹಣ್ಣಿನ ಮೇಲೆ. ಬೈದು ಬೈದು ಬಾಯಿ ನೊಂದು, ಕೊನೆಗೆ ಮಂಡಿಯ ಹಿಂದಿನ ಜಾಗವನ್ನು ಮಟ್ಟ ಮಾಡಿಸಿ ಗೋಲಿನ ಕಂಬ ನೆಡಿಸಿಬಿಟ್ಟಳು. ಕಾಲೇಜಿನಲ್ಲಿ ಆಡಿದ್ದ ಮೇನಕಾ ಕೋಚ್ ಆಗಿ ಬಂದಳು. ಅಲ್ಲಿಗೆ ಅದು ಕ್ಲಬ್ ಆಯಿತು, ಸಪ್ಪಲಮ್ಮ ಓನರ್ ಆದಳು.

ಓನರ್ ಆದರೂ ಕೈ ಬಿಗಿ. ಹಣ್ಣಿನ ದುಡ್ಡು ಮಂಡಿಗೆ, ಬೀಜ ಮಾರಿದ ದುಡ್ಡು ಮಾತ್ರ ಕ್ಲಬ್ಬಿಗೆ. ಬೀಜದಲ್ಲೇ ಚೆಂಡು ಬಂತು, ಬೂಟು ಬಂತು. ಆದರೆ ಸೇಲಂ ಪಂದ್ಯಾವಳಿಗೆ ಹೆಸರು ಕೊಟ್ಟ ಮೇಲೆ ವ್ಯಾನು, ಊಟ, ಹೊಸ ಜೆರ್ಸಿ ಎಂದು ಖರ್ಚು ಬೆಳೆದು ಬೀಜ ಸಾಲದಾಯಿತು.

ಆಗ ಬಂದವನು ಧರ್ಮಪುರಿಯ ಜವಳಿ ಅಂಗಡಿಯ ಶಿವರಾಮನ್. "ಖರ್ಚೆಲ್ಲಾ ನಂದು ಕಣಕ್ಕಾ. ಜೆರ್ಸಿ ಮೇಲೆ ನಮ್ಮಂಗಡಿ ಎಸ್ರು ಇದ್ರೆ ಸಾಕು," ಎಂದು ತಟ್ಟೆಯಲ್ಲಿ ವೀಳ್ಯ ಇಟ್ಟು, ಮೇಲೆ ಮುಂಗಡ ಇಟ್ಟು ಚಾಚಿದ. ಸಪ್ಪಲಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಅವಳು ಎಡವಿದ್ದು ಅಲ್ಲೇ. ಹುಣಸೆಮರ ಹೂ ಬಿಡುವಾಗಲೇ ಗುತ್ತಿಗೆ ಹಿಡಿಯುವವಳು ಅವಳು. ವೀಳ್ಯ ಕೈ ಬದಲಾದರೆ ಮಾತು ಮುಗಿಯಿತು. ಆದರೆ ಅದಕ್ಕೂ ಮುಂಚೆ ತೋಟದವರು ತಪ್ಪದೆ ಒಂದು ಮಾತು ಹೇಳುತ್ತಾರೆ: ಈ ಒಂದು ಮರ ನಮ್ಮ ಮನೆಗೆ, ಗುತ್ತಿಗೆಗೆ ಸೇರಿಲ್ಲ. ಅದು ಮನೆಮರ. ಗುತ್ತಿಗೆದಾರ ಅದರ ಮೇಲೆ ಹಣ್ಣು ಉದುರಿಸುವ ಕೋಲು ಎತ್ತುವಂತಿಲ್ಲ. ಹೇಳುವುದು ಯಾವಾಗಲೂ ತೋಟದವರು, ಕೇಳುವುದು ಸಪ್ಪಲಮ್ಮ. ತಾನೇ ತೋಟದವಳಾದ ದಿನ ಹೇಳಲು ಮರೆತಳು.

ವಾರದೊಳಗೆ ಶಿವರಾಮನ್ ತನ್ನ ಅಣ್ಣನ ಮಗಳನ್ನು ಬೈಕಿನಲ್ಲಿ ಕರೆತಂದ. "ಇವ್ಳೇ ಗೋಲ್‌ಕೀಪರು."

"ಚೆಂಡು ಬಂದ್ರೆ ಕಣ್ ಮುಚ್ಕೊಂತಾಳೆ ಸಾರ್," ಎಂದಳು ಮೇನಕಾ.

"ದುಡ್ ಆಕಿರೋನು ನಾನು. ಮರ ಗುತ್ತಿಗೆ ಕೊಟ್ ಮ್ಯಾಲೆ ಯಾರು ಅತ್ತಬೇಕು ಅಂತ ತೋಟದೋರು ಏಳ್ತಾರಾ? ನೀನೇ ಏಳಕ್ಕಾ."

ಅವನ ಮಾತು ವ್ಯಾಪಾರಕ್ಕೆ ಸರಿಯೇ ಇತ್ತು. ಹೂಂ ಅಂದರೆ ವರ್ಷದ ಖರ್ಚು ನೀಗುತ್ತದೆ, ಟೀಮು ಅವನದಾಗುತ್ತದೆ. ಸಪ್ಪಲಮ್ಮ ಒಳಗೆ ಹೋಗಿ ಅದೇ ತಟ್ಟೆಯಲ್ಲಿ ಮುಂಗಡ ಇಟ್ಟು ತಂದಳು. ಮಾತು ಮುರಿದವರು ಮುಂಗಡದ ಜೊತೆ ಒಂದು ಮೂಟೆ ಹಣ್ಣು ಕೊಡಬೇಕೆಂಬುದು ಮಂಡಿಯ ಕಟ್ಟಳೆ. ಒಳ್ಳೆಯ ಹಣ್ಣನ್ನೇ ಆರಿಸಿ ಕೊಟ್ಟಳು.

"ಯಾರು ಆಡ್ಬೇಕು ಅನ್ನೋದು ನಮ್ ಮನೆಮರ ಕಣಪ್ಪ. ಅವತ್ತೇ ಏಳ್ಬೇಕಿತ್ತು, ತಪ್ಪು ನಂದು. ಜೆರ್ಸಿ ಮೇಲೆ ಎಸ್ರು ಆಕ್ಸೋದಾದ್ರೆ ಇವಾಗ್ಲೂ ಆಕ್ಸು."

"ಬರೀ ಎಸ್ರು ಇಟ್ಕೊಂಡು ನಾನೇನ್ ಮಾಡ್ಲಿ?" ಶಿವರಾಮನ್ ಮೂಟೆಯನ್ನು ಬೈಕಿಗೇರಿಸಿದ. ಅಣ್ಣನ ಮಗಳು ಅದರ ಮೇಲೆ ಕೂತು ಹೋದಳು.

ವ್ಯಾನು ಹೋಯಿತು, ಸರ್ಕಾರಿ ಬಸ್ಸು ಬಂತು. ಹಳೇ ಜೆರ್ಸಿಯನ್ನೇ ಒಗೆದುಕೊಂಡರು. ಊಟಕ್ಕೆ ಮಂಡಿಯ ಹುಳಿಯಲ್ಲೇ ಕಲಸಿದ ಅನ್ನ.

ಸೇಲಂನಲ್ಲಿ ಒಂದು ಗೋಲು ಹಿಂದೆ ಬಿದ್ದಾಗ ಸಪ್ಪಲಮ್ಮನಿಗೆ ತಡೆಯಲಾಗಲಿಲ್ಲ. ಅವಳ ಮೊಮ್ಮಗಳು ಶಾಲಿನಿ ಇನ್ನೂ ಬೆಂಚಿನಲ್ಲೇ ಇದ್ದಳು.

"ಲೇ ಮೇನಕಾ, ನಮ್ ಶಾಲಿನಿನ ಇಳ್ಸೇ!"

ಮೇನಕಾ ಮೈದಾನದಿಂದ ಕಣ್ಣು ಕೀಳಲಿಲ್ಲ. "ಮನೆಮರ ಅಕ್ಕಾ."

"ಮನೆ ನಂದೇ ಅಲ್ವೇನೇ?"

"ಮನೆ ನಿಂದು. ಕೋಲು ನನ್ ಕೈಲಿ ಐತೆ, ಕೂತ್ಕೋ."

ಶಾಲಿನಿ ಕಿಸಕ್ಕೆಂದಳು. ಸಪ್ಪಲಮ್ಮ ಅವಳ ತಲೆಗೊಂದು ಮೊಟಕಿ ಪಕ್ಕದಲ್ಲಿ ಕೂತಳು.

ಆ ಪಂದ್ಯ ಸೋತರು. ವಾಪಸ್ ಬಸ್ಸಿನಲ್ಲಿ ಎಲ್ಲರ ಟಿಕೆಟನ್ನೂ ಸಪ್ಪಲಮ್ಮನೇ ತೆಗೆದಳು, ಚಿಲ್ಲರೆಯನ್ನು ಕಂಡಕ್ಟರ್ ಹತ್ತಿರ ಕೇಳಿ ಪಡೆದಳು. ಶಾಲಿನಿಯನ್ನು ಯಾಕೆ ಇಳಿಸಲಿಲ್ಲ ಎಂದು ಮಾತ್ರ ಊರು ಬರುವವರೆಗೂ ಮೇನಕಾಳನ್ನು ಕೇಳಲಿಲ್ಲ.