ಪಿಳ್ಳಪ್ಪ ಮಾವ ಬಾಯಿ ಮುಚ್ಚಿದ ವಾರ

ಹೋದ ಸೋಮವಾರ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಒಬ್ಬ ಯುವಕ ನೆಟ್ಟಗೆ ಬಂದು ನನ್ನ ಮೂತಿಗೆ ಮೈಕು ಹಿಡಿದ. ಮೈಕಿಗೆ ಹಸುಗೂಸಿನ ಕುಲಾವಿಯಂಥ ಕೆಂಪು ಟೋಪಿ ಹಾಕಿದ್ದರು. ಅವನ ಹಿಂದೆ ಇನ್ನೊಬ್ಬ ಮೊಬೈಲು ಎತ್ತಿ ಹಿಡಿದಿದ್ದ.

“ಮೇಡಂ, ಒಬ್ಬ ಸಾಮಾನ್ಯ ಪ್ರಜೆಯಾಗಿ ಈಗಿನ ರಾಜಕೀಯದ ಬಗ್ಗೆ ನಿಮ್ಮ ಅಭಿಪ್ರಾಯ ಏನು?”

ನಿಮ್ಮ ವಿಷಯ ನನಗೆ ಗೊತ್ತಿಲ್ಲ, ನನಗಂತೂ ಎದೆ ಧಸಕ್ಕೆಂದಿತು. ಮನೆಯಲ್ಲಿ ಟೀವಿ ಮುಂದೆ ಕೂತು ದಿನಾ ಸರ್ಕಾರ ಬೀಳಿಸಿ ಏಳಿಸುವವಳು ನಾನು. “ಎಲ್ಲಾ ಚೆನ್ನಾಗಿದೆ” ಎಂದುಬಿಟ್ಟೆ. ಚೆನ್ನಾಗಿಲ್ಲ ಎನ್ನುವುದು ನನಗೂ ಗೊತ್ತು, ಅವನಿಗೂ ಗೊತ್ತು. ಅವನು ನನ್ನನ್ನು ಅಲ್ಲೇ ಬಿಟ್ಟು ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಹೆಂಗಸಿನ ಕಡೆ ತಿರುಗಿದ. ಆಕೆ ನಾಲ್ಕೇ ಮಾತಿನಲ್ಲಿ ಎಲ್ಲ ಪಕ್ಷಗಳನ್ನೂ ಸುಲಿದು ಅವನ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾಚಿಕೆ ಪಡುತ್ತಿರುವಾಗ ಪಿಳ್ಳಪ್ಪ ಮಾವ ನೆನಪಾದರು. ಅವರ ಮುಂದೆ ಆ ಮೈಕು ಹಿಡಿದಿದ್ದರೆ ಬ್ಯಾಟರಿ ಮುಗಿಯುತ್ತಿತ್ತೇ ಹೊರತು ಅವರ ಮಾತು ಮುಗಿಯುತ್ತಿರಲಿಲ್ಲ. ಅವರ ಅಭಿಪ್ರಾಯವನ್ನು ಯಾರೂ ಯಾವತ್ತೂ ಕೇಳಿದವರಲ್ಲ. ಕೇಳಲಿ ಎಂದು ಅವರು ಕಾದವರೂ ಅಲ್ಲ.

ನಮ್ಮೂರು ಜಂಗಮಕೋಟೆಯಿಂದ ಸ್ವಲ್ಪ ಒಳಕ್ಕೆ. ಹಿಪ್ಪುನೇರಳೆ ತೋಟ, ರೇಷ್ಮೆಹುಳ, ಸೀಮೆಹಸು, ಇಷ್ಟರಲ್ಲೇ ಊರು ನಡೆಯುವುದು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಬೇಕು. ಸೆಕ್ರೆಟರಿ ಬಂದು ಬಾಗಿಲು ತೆಗೆಯುವ ತನಕ ಸಾಲಿನಲ್ಲಿ ನಿಲ್ಲುವುದು ಕ್ಯಾನುಗಳು, ಜನ ಅಲ್ಲ. ಕ್ಯಾನು ಸಾಲಿಗಿಟ್ಟು ಗಂಡಸರು ಕಟ್ಟೆಯ ಮೇಲೆ ಕೂರುತ್ತಾರೆ, ಹೆಂಗಸರು ಡೈರಿಯ ಮೆಟ್ಟಿಲ ಮೇಲೆ. ಇಬ್ಬರಿಗೂ ಕೇಳಿಸುವ ಹಾಗೆ ನಡುವೆ ನಿಲ್ಲುತ್ತಿದ್ದವರು ಪಿಳ್ಳಪ್ಪ ಮಾವ. ಅವರು ನಮಗೆ ರಕ್ತಸಂಬಂಧಿಯಲ್ಲ. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ಎರಡು ಹಸು, ಒಂದಿಷ್ಟು ತೋಟ, ಹೆಂಡತಿ, ಚಿಂತಾಮಣಿಗೆ ಮದುವೆ ಮಾಡಿ ಕೊಟ್ಟ ಒಬ್ಬಳೇ ಮಗಳು ರತ್ನ. ಇಷ್ಟು ಅವರ ಆಸ್ತಿ. ಮಿಕ್ಕಿದ್ದೆಲ್ಲ ಅಭಿಪ್ರಾಯ.

ಅವುಗಳಿಗೆ ಒಂದು ಸರದಿ ಇತ್ತು. ಬಾಗಿಲು ತೆಗೆಯುವ ಮುಂಚೆ ರಾಜಕೀಯ. “ಓಟು ಹಾಕೋದು ಅಂದ್ರೆ ಹಸು ಕೊಂಡಂಗೆ ಕಣ್ರಪ್ಪಾ. ಹಲ್ಲು ನೋಡ್ಬೇಕು, ಕೆಚ್ಚಲು ನೋಡ್ಬೇಕು. ನೀವು ಕೊರಳಿಗೆ ಕಟ್ಟಿರೋ ಗಂಟೆ ನೋಡಿ ಹೊಡ್ಕೊಂಡ್ ಬರ್ತೀರ. ಆಮೇಲೆ ಹಾಲು ಕೊಡಲ್ಲ ಅಂತ ಗಂಟೆಗೆ ಬೈತೀರ.” ಸೆಕ್ರೆಟರಿ ಬಂದು ಅಳತೆ ಶುರುವಾದರೆ ದುಡ್ಡಿನ ಮಾತು. ಲೇಔಟಿನವರಿಗೆ ಜಮೀನು ಮಾರಿ ಕಾರು ಕೊಂಡವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಆ ಕಾರಲ್ಲಿ ಎಲ್ಲಿಗೆ ಹೋಗ್ತಾನೆ ಹೇಳು? ಮಾರಿದ ಜಮೀನು ನೋಡ್ಕೊಂಡ್ ಬರಕ್ಕೆ.” ಹಾಲಿನ ಫ್ಯಾಟ್ ನೋಡುವ ಹೊತ್ತಿಗೆ ಕ್ರಿಕೆಟ್ಟು. ಹಿಂದಿನ ದಿನದ ಮ್ಯಾಚನ್ನು ಅವರು ಮೊದಲಿನಿಂದ ಆಡಿಸಿ ಗೆಲ್ಲಿಸುತ್ತಿದ್ದರು. ಕ್ಯಾನುಗಳು ಖಾಲಿಯಾಗಿ ಜನ ಹೊರಡುವ ಹೊತ್ತಿಗೆ ಕೊನೆಯದು, ಸಂಸಾರದ ಮಾತು. ಯಾರ ಸೊಸೆ ಹೇಗೆ, ಯಾರ ಮಗ ಯಾಕೆ ಹಾಗೆ.

ಆ ಕೊನೆಯ ಸರದಿಯಲ್ಲಿ ಒಂದು ದಿನ ನಾನು ಬಂದೆ.

ನನ್ನನ್ನು ಗೌರಿಬಿದನೂರಿಗೆ ಕೊಟ್ಟಿದ್ದರು. ಒಳ್ಳೆಯ ಮನೆ, ಗಂಡನಿಗೆ ಸಂಬಳದ ಕೆಲಸ. ಕುಡಿತವಿಲ್ಲ, ಹೊಡೆತವಿಲ್ಲ. ಮಾತು ಮಾತ್ರ ಇಲ್ಲ. ಬೆಳಿಗ್ಗೆ ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಸಂಜೆ ಇಟ್ಟರೆ ಉಣ್ಣುತ್ತಿದ್ದರು. ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದೆ, ಹಾಗೇ ಉಂಡು ಎದ್ದರು. ಅವರ ಅಪ್ಪ ಅಮ್ಮನೂ ಹಾಗೇ. ಫೋನು ಬಡಿದುಕೊಂಡರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಿದ್ದರು. ಡೈರಿ ಸಾಲಿನ ಗಲಾಟೆಯಲ್ಲಿ ಬೆಳೆದವಳು ನಾನು. ಆ ಮನೆಯಲ್ಲಿ ಗೋಡೆ ಗಡಿಯಾರಕ್ಕೆ ಊಟ ಆಯಿತಾ ಎಂದು ಕೇಳಿದ ದಿನ ನನಗೇ ಭಯವಾಗಿ ಚೀಲ ಹಿಡಿದು ಬಂದುಬಿಟ್ಟೆ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಅಮ್ಮ ಬಾಗಿಲು ತೆಗೆದು ನನ್ನನ್ನು ನೋಡಿದಳು, ಚೀಲ ನೋಡಿದಳು, ಕಾಫಿಗೆ ಇಟ್ಟಳು.

ಒಂದು ಸಂಜೆ ಅಮ್ಮ ಮುಂದೆ ಹೋಗಿ ಸಾಲಿನಲ್ಲಿದ್ದಳು. ನಾನು ಇನ್ನೊಂದು ಕ್ಯಾನು ಹೊತ್ತು ಓಣಿಯ ತಿರುವಿಗೆ ಬಂದಿದ್ದೆ, ಅಷ್ಟರಲ್ಲಿ ಪಿಳ್ಳಪ್ಪ ಮಾವನ ಗಂಟಲು ಕೇಳಿಸಿತು. “ಹೊಡೀಲಿಲ್ಲ, ಕುಡೀಲಿಲ್ಲ, ಮಾತಾಡ್ಲಿಲ್ಲ ಅಂತ ಬಂದ್ಬಿಟ್ಟವ್ಳಂತೆ! ಗಂಡ ಬಾಯಿ ಮುಚ್ಕೊಂಡಿದ್ರೆ ನೆಮ್ಮದಿ ಅಲ್ವೇನಪ್ಪಾ? ನನ್ನ ಮಗಳಾಗಿದ್ರೆ ಅವತ್ತೇ ಬಸ್ಸು ಹತ್ತಿಸ್ತಿದ್ದೆ.” ಕಟ್ಟೆಯವರು ನಕ್ಕರು. ಅಮ್ಮ ಅಲ್ಲೇ ಇದ್ದಳು. ಹಾಲು ಸುರಿದು, ಚೀಟಿ ಸೆರಗಿಗೆ ಸಿಕ್ಕಿಸಿಕೊಂಡು, ಒಂದು ಮಾತಾಡದೆ ಮನೆಗೆ ನಡೆದಳು. ನನಗೆ ಹಟ ಹುಟ್ಟಿತು. ಮಾರನೆಯ ದಿನದಿಂದ ಡೈರಿಗೆ ನಾನೇ ಹೋಗತೊಡಗಿದೆ. ಅವರಿಗೆ ಕೊಡಬೇಕಾದ ಉತ್ತರವನ್ನು ಹಾಲು ಕರೆಯುವಾಗ ದಿನಾ ಅಭ್ಯಾಸ ಮಾಡುತ್ತಿದ್ದೆ. ಹಸುವಿಗೆ ಬಾಯಿಪಾಠವಾಗಿರಬೇಕು, ಸಾಲಿನಲ್ಲಿ ಮಾತ್ರ ಒಂದು ದಿನವೂ ಹೊರಗೆ ಬರಲಿಲ್ಲ.

ಹೀಗೇ ಒಂದು ವರ್ಷ ಕಳೆದಿರಬಹುದು. ಒಂದು ಬೆಳಿಗ್ಗೆ ಡೈರಿಗೆ ಹೋದರೆ ಏನೋ ತಪ್ಪಾಗಿದೆ ಅನ್ನಿಸಿತು. ಕರೆಂಟು ಹೋದಾಗ ಫ್ಯಾನಿನ ಸದ್ದು ನಿಂತು ಮನೆ ಬೇರೆಯಾಗುತ್ತದಲ್ಲ, ಹಾಗೆ. ಪಿಳ್ಳಪ್ಪ ಮಾವ ಬಂದಿದ್ದರು, ಆದರೆ ಮಾತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಅವರ ಓರಗೆಯ ಬಚ್ಚಪ್ಪ ಕೆಣಕಿದ. “ಏಮೈಂದಿ ಪಿಳ್ಳಪ್ಪಾ, ಏನಾಯ್ತು? ನಿನ್ನೆ ಅಸೆಂಬ್ಲೀಲಿ ಅಷ್ಟೊಂದು ಕಿತ್ತಾಡವ್ರೆ, ಸುಮ್ನೆ ಬಿಟ್ಬಿಡ್ತೀಯಾ?” ಉತ್ತರವಿಲ್ಲ. “ಚಿನ್ನ ಮತ್ತೆ ಏರ್ತಂತೆ ಕಣಯ್ಯಾ.” ಇಲ್ಲ. “ಮ್ಯಾಚು ಸೋತ್ರು.” ಅದಕ್ಕೂ ಇಲ್ಲ. ಸೆಕ್ರೆಟರಿ ಅಳೆಯುವುದು ಬಿಟ್ಟು ತಲೆ ಎತ್ತಿ ನೋಡಿದ. ನಾವೆಲ್ಲ ದಂಗಾಗಿಹೋದೆವು. ಗೌರಿಬಿದನೂರಿನ ಮನೆಯಲ್ಲಿ ಕೇಳಿದ್ದ ಅದೇ ಮೌನ ನಮ್ಮೂರ ಡೈರಿಯಲ್ಲೂ ಕೇಳಿಸಿತು.

ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪಿಗೆ ಹೋದಾಗ ಕಾರಣ ತಿಳಿಯಿತು. ಪಕ್ಕದ ತೋಟದಲ್ಲಿ ರತ್ನ ಸೊಪ್ಪು ಬಿಡಿಸುತ್ತಿದ್ದಳು.

“ಯಾವಾಗ್ ಬಂದ್ಯೇ?”

“ನಿನ್ನೆ ಬಂದೆ ಅಕ್ಕ. ಭಾನುವಾರ ಅಪ್ಪ ವಾಪಸ್ ಚಿಂತಾಮಣೀಗೆ ಬಿಟ್ಬರ್ತಾರಂತೆ.”

“ಯಾಕೆ, ಏನಾಯ್ತು ಅಲ್ಲಿ?”

ಅವಳು ಬಲಗೈ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ತುಂಬ ಕಂದಿದ ಬಾಸುಂಡೆ.

“ಇದನ್ನ ಮಾವಂಗೆ ತೋರಿಸ್ದ್ಯಾ?”

“ತೋರಿಸ್ದೆ. ನೋಡಿ ಆಚೆ ಹೋಗ್ಬಿಟ್ರು. ಆಮೇಲೆ ಅಮ್ಮನ ಹತ್ರ ಅಂದ್ರಂತೆ, ನಾನಾಡಿರೋ ಮಾತು ಊರಿಗೆಲ್ಲ ಗೊತ್ತು, ಇವಳನ್ನ ಇಟ್ಕೊಂಡ್ರೆ ಡೈರೀಲಿ ಹೆಂಗೆ ತಲೆ ಎತ್ಲಿ ಅಂತ.” ಅವಳು ಸೊಪ್ಪಿನ ಕಡೆ ತಿರುಗಿದಳು. “ಹೋಗ್ತೀನಿ ಬಿಡಕ್ಕ. ನಂದೊಂದು ದೊಡ್ಡದಾ.”

ನೋಡಿ, ಈ ಮಾತು ನನ್ನನ್ನು ಇವತ್ತಿಗೂ ನಡುಗಿಸುತ್ತದೆ. ಒಬ್ಬ ಹುಡುಗಿಯ ಪ್ರಾಣ ಹಾಲು ಹಾಕುವ ಸಾಲಿನ ಮೇಲೆ ನಿಂತಿತ್ತು. ಎಲ್ಲರ ಬಾಯಿಗೂ ಉತ್ತರ ಕೊಡಬಲ್ಲ ಮನುಷ್ಯನಿಗೆ ತನ್ನ ಬಾಯಿಂದ ಬಂದ ಒಂದು ಮಾತಿಗೆ ಉತ್ತರ ಸಿಕ್ಕಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ “ಹಸೂಗೆ ನೀರಿಡು” ಎಂದಳು, ಅಷ್ಟೇ. ಈ ಹೆಂಗಸಿಗೆ ಕರುಳಿಲ್ಲವೇ ಎಂದು ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ, ಅಂದರೆ ಶನಿವಾರ, ಡೈರಿಯಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಎಲ್ಲರೂ ಗೊತ್ತಿಲ್ಲದವರ ಹಾಗೆ ಕ್ಯಾನು ನೋಡುತ್ತಿದ್ದರು. ಬಚ್ಚಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ. ನನ್ನ ಕಡೆ ತಿರುಗಿ, ಆದರೆ ಪಿಳ್ಳಪ್ಪ ಮಾವನಿಗೆ ಕೇಳಿಸುವ ಹಾಗೆ, “ಏನಮ್ಮಾ, ನಿಂಗೆ ಅನುಭವ ಐತೆ, ನೀನೇ ಹೇಳು. ಗಂಡನ ಮನೆ ಬಿಟ್ಟು ಬಂದ ಮಗಳನ್ನ ಏನ್ ಮಾಡ್ಬೇಕು?” ಎಂದ.

ಮೆಟ್ಟಿಲ ಮೇಲಿನ ಹೆಂಗಸರು ನನ್ನ ಕಡೆ ತಿರುಗಿದರು. ವರ್ಷವಿಡೀ ಅಭ್ಯಾಸ ಮಾಡಿದ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಬಸ್ಸು ಹತ್ತಿಸಬೇಕು ಎಂದರೆ ಸಾಕಾಗಿತ್ತು. ಪಿಳ್ಳಪ್ಪ ಮಾವ ಕ್ಯಾನಿನ ಮುಚ್ಚಳ ಹಿಡಿದು ನಿಂತಿದ್ದರು. ಅದು ಕ್ಯಾನಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು. ನಾನು ಬಾಯಿ ತೆಗೆದೆ. ಬಂದ ಮಾತು ಕೇಳಿ ನನಗೇ ಗಾಬರಿಯಾಯಿತು.

“ಅದಿರ್ಲಿ ಬಚ್ಚಪ್ಪಣ್ಣಾ, ಮೊನ್ನೆ ಮ್ಯಾಚು ಸೋತಿದ್ದು ಆ ವಿಕೆಟ್ ಕೀಪರಿಂದಾನೇ. ಗ್ಲೌಸ್ ಹಾಕ್ಕೊಂಡು ಹಿಂದೆ ಸುಮ್ನೆ ಕೂತಿರ್ತಾನೆ. ಅವನೂ ನಾಲ್ಕು ಓವರ್ ಬೌಲಿಂಗ್ ಮಾಡಿದ್ರೆ ಏನ್ ಗಂಟು ಹೋಗ್ತಿತ್ತು?”

ಕ್ರಿಕೆಟ್ಟಿನಲ್ಲಿ ನನಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಪಿಳ್ಳಪ್ಪ ಮಾವನ ಕುತ್ತಿಗೆಯ ನರ ಉಬ್ಬಿತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ.

“ಅಯ್ಯೋ ನಿನ್ನ ತಲೆಗಿಷ್ಟು! ಕೀಪರು ಬೌಲಿಂಗ್ ಮಾಡಿದ್ರೆ ಹಿಂದೆ ಬಾಲು ಯಾರು ಹಿಡೀತಾರೆ, ನಿಮ್ಮ ಸೀಮೆಹಸಾ? ಯಾರಮ್ಮಾ ನಿಂಗೆ ಆಟ ಹೇಳ್ಕೊಟ್ಟಿದ್ದು?”

ಸಾಲು ಗೊಳ್ಳೆಂದಿತು. ಅವರು ಮ್ಯಾಚನ್ನು ಮೊದಲ ಬಾಲಿನಿಂದ ಬಿಡಿಸಿ ಹೇಳಲು ಶುರುಮಾಡಿದರು. ಬಚ್ಚಪ್ಪ ಬಾಯಿ ಹಾಕಲು ನೋಡಿದ, ಸಂದು ಸಿಗಲಿಲ್ಲ.

ಭಾನುವಾರ ಅವರು ಚಿಂತಾಮಣಿಗೆ ಹೋಗಲಿಲ್ಲ. ಸಂಜೆ ಡೈರಿಗೆ ಬಂದರು, ಜೊತೆಗೆ ರತ್ನ, ಅವಳ ಕೈಯಲ್ಲಿ ಕ್ಯಾನು. ಓಣಿಯ ತಿರುವಿನಿಂದಲೇ ಮುಖ್ಯಮಂತ್ರಿಯಿಂದ ಹಿಡಿದು ಪಂಚಾಯ್ತಿ ಮೆಂಬರ್ ತನಕ ಒಬ್ಬೊಬ್ಬರನ್ನೇ ತರಾಟೆಗೆ ತೆಗೆದುಕೊಳ್ಳುತ್ತ ಬಂದರು. ಮಗಳು ಹಾಲು ಸುರಿದು ಚೀಟಿ ತೆಗೆದುಕೊಳ್ಳುವ ತನಕ ಉಸಿರು ತೆಗೆದುಕೊಳ್ಳಲಿಲ್ಲ. ಯಾರಿಗೂ ಒಂದಕ್ಷರ ಆಡುವ ಎಡೆ ಕೊಡಲಿಲ್ಲ. ಆಮೇಲೆ ಅವರ ಸರದಿಯಲ್ಲಿ ರಾಜಕೀಯ, ದುಡ್ಡು, ಕ್ರಿಕೆಟ್ಟು ಮೂರೇ ಉಳಿದವು. ಯಾರಾದರೂ ಯಾರ ಸೊಸೆಯ ಸುದ್ದಿಯನ್ನಾದರೂ ತೆಗೆದರೆ, ಹಸು ಒದರುತ್ತಿದೆ ಎಂದು ಎದ್ದು ಹೋಗುತ್ತಿದ್ದರು. ರತ್ನ ಈಗ ಶಿಡ್ಲಘಟ್ಟದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನನ್ನ ರವಿಕೆಗಳೆಲ್ಲ ಅವಳದೇ, ಕಾಸು ಮಾತ್ರ ಬಿಡುವುದಿಲ್ಲ. ಪಿಳ್ಳಪ್ಪ ಮಾವ ಹೋದ ವರ್ಷ ತೀರಿಕೊಂಡರು.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿಲ್ಲ! ಈಗ ನಾನು ಕೆಲಸ ಮಾಡುವ ಚಿಕ್ಕಬಳ್ಳಾಪುರದ ಆಫೀಸಿನಲ್ಲಿ, ಮದುವೆಮನೆಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆ. ನನ್ನ ಒಂದು ಮಾತಿನಿಂದ ಒಬ್ಬಳ ಬಾಳು ಉಳಿಯಿತು ಎಂದು ಪ್ರತಿಸಲವೂ ಕೊನೆಗೆ ಸ್ವಲ್ಪ ಗಂಟಲು ತಗ್ಗಿಸುತ್ತೇನೆ. ಸೋಮವಾರವೂ ಮನೆಗೆ ಬಂದು ಮೈಕಿನ ಪ್ರಸಂಗ ಹೇಳಿ, ಅಲ್ಲಿಂದ ಇದಕ್ಕೆ ಜಾರಿದೆ. ಅಮ್ಮ ನೆನೆಸಿದ ಅವರೆಕಾಳು ಹಿತಕುತ್ತ ಕೂತಿದ್ದಳು.

“ಅದು ಹಂಗಲ್ಲ ಕಣೇ” ಎಂದಳು.

“ಯಾವುದು?”

“ನೀನು ರತ್ನನ ವಿಷ್ಯ ಹೇಳ್ದೆ ನೋಡು, ಅವತ್ತು ಸಂಜೇನೇ ಹೋಗಿದ್ದೆ ಅವರ ಮನೇಗೆ. ಬಾಗ್ಲಲ್ಲೇ ನಿಂತು ಹೇಳ್ದೆ. ಅಣ್ಣಾ, ಆ ಮಗೂನ ಕಳಿಸ್ಬೇಡ. ನೀನು ಬಿಟ್ಬಂದ್ರೆ ಮುಂದಿನ ಬಸ್ಸಿಗೆ ನಾನ್ ಹೋಗಿ ಕರ್ಕೊಂಡ್ ಬರ್ತೀನಿ. ನಮ್ಮನೇಲಿ ಇರ್ತಾಳೆ. ಆಮೇಲೆ ಅವಳು ನಮ್ಮನೇಲಿ ಯಾಕವ್ಳೆ ಅಂತ ಡೈರೀಲಿ ನೀನೇ ಹೇಳ್ಕೋ, ಅಂದೆ.”

ನನ್ನ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ನಿಂತಿತು. ಡೈರಿಯಲ್ಲಿ ಒಂದು ದಿನ ಬಾಯಿ ತೆರೆಯದ ನನ್ನ ಅಮ್ಮ! “ಅವರೇನಂದ್ರು?”

“ಏನಂತಾರೆ. ಅತ್ರು.”

ಪಿಳ್ಳಪ್ಪ ಮಾವ ಅಳುವುದು ನನ್ನ ಕಲ್ಪನೆಗೂ ಬರಲಿಲ್ಲ. ಅಂದರೆ ಶನಿವಾರ ಬೆಳಿಗ್ಗೆ ನಾನು ಬಾಯಿ ತೆಗೆಯುವ ಹೊತ್ತಿಗೆ ಎಲ್ಲ ತೀರ್ಮಾನವಾಗಿ ಹೋಗಿತ್ತು. ಇಷ್ಟು ವರ್ಷ ನಾನು ಊರೂರಿಗೆ ಹಂಚಿದ್ದು ಯಾರದೋ ಗೆಲುವು.

“ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಅಷ್ಟು ಖುಷಿಯಾಗಿ ಹೇಳ್ಕೊಂಡ್ ತಿರುಗ್ತಿದ್ದೆ. ಅಣ್ಣನೂ ಆಗ ಬದುಕಿದ್ರು. ಯಾಕೆ ಅಂತ ಸುಮ್ನಿದ್ದೆ.”

“ನಿಂಗೆ ಅಷ್ಟು ಧೈರ್ಯ ಎಲ್ಲಿಂದ ಬಂತಮ್ಮಾ?”

ಅಮ್ಮ ಕಾಳು ಹಿತಕುವುದು ನಿಲ್ಲಿಸಲಿಲ್ಲ. ತಲೆಯೂ ಎತ್ತಲಿಲ್ಲ. “ಧೈರ್ಯ ಅಲ್ಲ ಕಣೇ, ಭಯ. ಅಣ್ಣನೂ ನನ್ನಂಗೇ ಮಾಡ್ಬಿಟ್ರೆ ಅಂತ. ನೀನು ಬಂದ ವಾರ ನಾನೂ ಗೌರಿಬಿದನೂರಿಗೆ ಫೋನ್ ಮಾಡಿದ್ದೆ. ಬಂದು ಕರ್ಕೊಂಡ್ ಹೋಗಿ ಅನ್ನಕ್ಕೆ. ನೀನು ತೋಟಕ್ಕೆ ಹೋದಾಗೆಲ್ಲ ಮಾಡ್ತಿದ್ದೆ. ಅವರು ಎತ್ಲೇ ಇಲ್ಲ.”

ನಾನು ಅಡುಗೆಮನೆಯ ಗೋಡೆಗೆ ಒರಗಿದೆ. ಆ ಮನೆಯವರು ಮಾತಾಡುವುದಿಲ್ಲ ಎಂದು ಬಿಟ್ಟು ಬಂದವಳು ನಾನು. ಅವರಲ್ಲಿ ಒಬ್ಬರು, ಒಂದೇ ಒಂದು ಸಲ, ಫೋನೆತ್ತಿ ಹಲೋ ಅಂದಿದ್ದರೆ?

“ಎತ್ತಿದ್ರೆ ಹೋಗ್ತಿದ್ಯೇನೇ?” ಅಮ್ಮ ಕೇಳಿದಳು.

ಇಲ್ಲ ಎನ್ನಬೇಕೆಂದು ಬಾಯಿ ತೆಗೆದೆ. ಅಮ್ಮ ಕಳಿಸಿದ್ದರೆ ನಾನೂ ರತ್ನನ ಹಾಗೇ ಬಸ್ಸಿಗೆ ತಯಾರಾಗುತ್ತಿದ್ದೆ. “ಹೋಗ್ತಿದ್ದೆ ಅಮ್ಮಾ” ಎಂದೆ.

ಅಮ್ಮ ಕಾಳಿನ ಪಾತ್ರೆಯಿಂದ ಒದ್ದೆ ಕೈ ತೆಗೆದು ನನ್ನ ಮುಂಗೈ ಹಿಡಿದುಕೊಂಡಳು, ಹೊರಗೆ ಯಾರೋ ನನ್ನನ್ನು ಕರೆದೊಯ್ಯಲು ಬಂದು ನಿಂತಿದ್ದಾರೇನೋ ಎನ್ನುವ ಹಾಗೆ. ಅಷ್ಟು ವಯಸ್ಸಾದ ಕೈಯಲ್ಲಿ ಅಷ್ಟು ಬಿಗಿ ಇದ್ದೀತೆಂದು ನನಗೆ ಗೊತ್ತಿರಲಿಲ್ಲ.