ಒಂದು ಬೆರಳು ಅಗಲವಾದ ಹಡಗು

ಅರ್ಧ ಕಟ್ಟಿದ ಹಡಗೊಂದು ಮನೆಯಲ್ಲಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತಿರಲಾರದು, ಹೇಳುತ್ತೇನೆ ಕೇಳಿ. ಮೊದಲ ವರ್ಷ ಮನೆಗೆ ಬಂದವರಿಗೆಲ್ಲ ಕೈಹಿಡಿದು ಕರೆದೊಯ್ದು ಅದನ್ನು ತೋರಿಸುತ್ತೀರಿ. ಎರಡನೆಯ ವರ್ಷ ಅವರಾಗಿ ಕೇಳಿದರೆ ತೋರಿಸುತ್ತೀರಿ. ಮೂರನೆಯ ವರ್ಷ ಅದರ ಮೇಲೊಂದು ಹಳೆಯ ಪಂಚೆ ಹೊದಿಸುತ್ತೀರಿ. ಆಮೇಲೆ ಮನೆಯವರು ಅದರ ಹೊಟ್ಟೆಯೊಳಗೆ ದೇವರ ಬತ್ತಿಯ ಹತ್ತಿ, ಖಾಲಿ ಮಸಿಕುಡಿಕೆ, ಹೋದ ವರ್ಷದ ಪಂಚಾಂಗ, ಹಿಡಿಕೆ ಮುರಿದ ಸೌಟು ಎಲ್ಲವನ್ನೂ ಇಡತೊಡಗುತ್ತಾರೆ. ನನ್ನ ಹಡಗು ಈ ಸರಕನ್ನೆಲ್ಲ ಹೊತ್ತು ಬೈಲಹೊಂಗಲದಿಂದ ಸವದತ್ತಿಗೆ, ಸವದತ್ತಿಯಿಂದ ರಾಮದುರ್ಗಕ್ಕೆ ಪ್ರಯಾಣ ಮಾಡಿದೆ, ಎರಡು ಸಲವೂ ಬಸ್ಸಿನ ನೆತ್ತಿಯ ಮೇಲೆ ಕುಳಿತು. ಅದು ನೀರು ಕಂಡದ್ದು ದಾರಿಯಲ್ಲಿ ಮಳೆ ಹಿಡಿದಾಗ ಮಾತ್ರ.

ಹಡಗು ಎಂದರೆ ನಿಜವಾದ ಹಡಗಲ್ಲ. ಕಾರವಾರದ ಕಡೆ ಹಾಯಿ ಬಿಚ್ಚಿ ಸರಕು ಸಾಗಿಸುವ ಪತ್ತೇಮಾರಿಯ ಮರದ ಮಾದರಿ, ಒಂದೂವರೆ ಮೊಳದಷ್ಟು ಉದ್ದ. ಮಾಮಲೇದಾರ ಕಚೇರಿಯ ಕಾರಕೂನನಿಗೆ ಇದೆಲ್ಲಿಯ ಉಸಾಬರಿ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಕೇಳುತ್ತಲೇ ಇದ್ದಾಳೆ. ನಮ್ಮದು ಪೌರೋಹಿತ್ಯದ ಮನೆತನ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ನಂಬಿದ್ದ ನನ್ನ ಅಜ್ಜ, ದಾಟಬೇಕೆಂದರೂ ಸಮುದ್ರವಿಲ್ಲದ ಸೀಮೆಯಲ್ಲಿ ನಿಶ್ಚಿಂತೆಯಾಗಿ ಬಾಳಿ ಹೋದ. ಆದರೂ ದಿನ ಬೆಳಗಾದರೆ ಸಂಕಲ್ಪ ಹೇಳುವಾಗ, ತಾನು ಒಂದು ದ್ವೀಪದಲ್ಲಿ ಕುಳಿತಿದ್ದೇನೆಂದು ದೇವರಿಗೆ ವಿಳಾಸ ಕೊಡುತ್ತಿದ್ದ. ಪುರಾಣದವರು ಹೇಳುವಂತೆ ದ್ವೀಪಗಳ ಸುತ್ತ ಏಳು ಸಮುದ್ರಗಳು: ಉಪ್ಪುನೀರಿನದು, ಕಬ್ಬಿನಹಾಲಿನದು, ಸುರೆಯದು, ತುಪ್ಪದ್ದು, ಮೊಸರಿನದು, ಹಾಲಿನದು, ಸಿಹಿನೀರಿನದು. ಸುರೆಯೊಂದನ್ನು ಬಿಟ್ಟರೆ ಉಳಿದ ಆರನ್ನೂ ನಮ್ಮ ಮನೆತನ ಅಡುಗೆಮನೆಯಲ್ಲೇ ಕಂಡಿತ್ತು.

ನಾನು ನಿಜವಾದ ಸಮುದ್ರ ಕಂಡದ್ದು ಮೂವತ್ತು ದಾಟಿದ ಮೇಲೆ, ಸ್ವಾತಂತ್ರ್ಯ ಬಂದ ಮರುವರ್ಷ, ಕಾರವಾರದಲ್ಲಿ ಒಂದು ಮದುವೆಗೆ ಹೋದಾಗ. ಬೀಗರ ಊಟದಲ್ಲಿ ಏನಿತ್ತೆಂಬುದು ಮರೆತುಹೋಗಿದೆ. ಸಂಜೆ ದಂಡೆಯಲ್ಲಿ ನಿಂತಿದ್ದಾಗ ಪತ್ತೇಮಾರಿಯೊಂದು ಹಾಯಿ ಏರಿಸಿ ಹೊರಟದ್ದು ಮಾತ್ರ ಮರೆತಿಲ್ಲ. ಧೋತರ ಮೊಳಕಾಲವರೆಗೆ ತೊಯ್ದರೂ ನಾನು ಅಲ್ಲಿಂದ ಕದಲಲಿಲ್ಲ. ಬಂದರಿನ ಕಚೇರಿಯಲ್ಲಿದ್ದ ಸೋದರಮಾವನ ಮಗನಿಂದ ಅದರ ಒಂದು ನಕಾಶೆ ಇಸಿದುಕೊಂಡು ಊರಿಗೆ ಬಂದೆ. ಕಿತ್ತೂರಿನಲ್ಲಿ ಯಾರದೋ ಹಳೆಯ ಮನೆ ಕೆಡವಿದಾಗ ಒಂದು ಸಾಗುವಾನಿ ತೊಲೆ ಸಿಕ್ಕಿತು. ಇನ್ನು ಬೇಕಾದದ್ದು ಮರದ ಕೆಲಸ ಬಲ್ಲ ಒಬ್ಬ ಮನುಷ್ಯ.

ಆ ಮನುಷ್ಯ ಮೋನಪ್ಪ ಬಡಿಗೇರ. ಬೈಲಹೊಂಗಲದಲ್ಲಿ ನಮ್ಮ ಓಣಿಯ ತುದಿಗೇ ಅವನ ಅಂಗಡಿ. ಚಕ್ಕಡಿ, ಬಾಗಿಲು, ತೊಟ್ಟಿಲು ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಕಂಡಿದ್ದ ದೋಣಿಯೆಂದರೆ ಮಲಪ್ರಭೆಯ ಹರಗೋಲು, ಬುಟ್ಟಿಯಂತೆ ದುಂಡಗಿನದು. ನನ್ನ ನಕಾಶೆಯನ್ನು ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದ.

“ಇದರ ಮೂಗು ಯಾಕ್ರೀ ರಾಯರ, ಹಿಂಗ ಮುಂದಕ್ಕ ಚಾಚೇತಿ?”

“ನೀರು ಸೀಳಲಿಕ್ಕೆ ಮೋನಪ್ಪ.”

“ಹೌದನ್ರಿ. ಹಂಗಾರ ಮೂಗು ಕಡೀಕ ಹಚ್ಚೂಣು. ಮೊದಲ ಮನಿ ಕಟ್ಟೂಣು,” ಎಂದ. ಅವನ ಲೆಕ್ಕದಲ್ಲಿ ಒಳಗೆ ಜಾಗವಿದ್ದದ್ದೆಲ್ಲ ಮನೆಯೇ.

ಮೂರು ವರ್ಷ ಹೀಗೆ ನಡೆಯಿತು. ಆದಿತ್ಯವಾರ ಅವನ ಅಂಗಡಿಯಲ್ಲಿ ಕೆಲಸ. ಅಮಾವಾಸ್ಯೆ ದಿನ ಅವನು ಬಾಚಿ ಉಳಿ ಮುಟ್ಟುವವನಲ್ಲ, ಆ ಸಂಜೆ ಬರೀ ಮಾತು. ಬಡಿಗರ ಅಂಟು ಚರ್ಮ ಕುದಿಸಿ ಮಾಡಿದ್ದೆಂದು ತಿಳಿದ ದಿನದಿಂದ ನನ್ನ ಹೆಂಡತಿ, ನಾನು ಸ್ನಾನ ಮಾಡದೆ ಹೊಸಿಲು ದಾಟಗೊಡುತ್ತಿರಲಿಲ್ಲ. ಹಡಗು ಕಟ್ಟುವುದರಿಂದ ನನಗೆ ಆದ ಮೊದಲ ಲಾಭವೆಂದರೆ ಆದಿತ್ಯವಾರಕ್ಕೆರಡು ಸ್ನಾನ. ಆ ಮೂರು ವರ್ಷ ನನಗೆ ಕಚೇರಿಯ ದಣಿವು ಗೊತ್ತಾಗಲಿಲ್ಲ. ಮೋನಪ್ಪನಷ್ಟು ಹತ್ತಿರದ ಗೆಳೆಯ ನನಗೆ ಬೇರೆ ಯಾರೂ ಇರಲಿಲ್ಲ. ಈಗ ಹೇಳುತ್ತಿದ್ದೇನೆ, ಆಗ ಅವನಿಗೆ ಹೇಳಲಿಲ್ಲ.

ಹಡಗಿನ ಪಕ್ಕೆಲುಬುಗಳನ್ನು ಅವನು ಅಂಗಡಿಯಲ್ಲಿ ಕೊರೆಯುತ್ತಿದ್ದ. ಮೈಗೆ ಹೊದಿಸುವ ತೆಳು ಹಲಗೆಗಳನ್ನು ನಾನು ಮನೆಯಲ್ಲಿ ಬಿಸಿನೀರು ಕಾಣಿಸಿ, ನಕಾಶೆಯ ಪ್ರಕಾರ ಬಾಗಿಸಿ ಇಡುತ್ತಿದ್ದೆ. ಪಕ್ಕೆಲುಬು ನಿಂತವು. ಮುಂದಿನ ಮೂಗೂ ಕೂತಿತು. ಹಲಗೆ ಹೊದಿಸಲು ಹೋದರೆ, ಎರಡೂ ಕಡೆಯಿಂದ ಬಂದು ಮೂಗಿಗೆ ತಗಲಬೇಕಾದ ಹಲಗೆಗಳು ಅಲ್ಲಿಗೆ ಮುಟ್ಟಲೇ ಇಲ್ಲ. ಒಳಗೆ ಬೆರಳು ತೂರುವಷ್ಟು ಸಂದು. ನಾನು ಕೋಲು ಹಿಡಿದು ಅಳೆದೆ.

“ಮೋನಪ್ಪ, ಅಗಲ ಹತ್ತು ಬೆರಳು ಇರಬೇಕಿತ್ತು. ಹನ್ನೊಂದು ಆಗೇದ.”

“ಹೌದ್ರಿ. ಒಂದು ಬೆರಳು ನಾನ ಸರಸೇನಿ. ಹತ್ತಕ್ಕ ಆಯ ಬರಲಿಲ್ಲ.”

ಆಯ ಎಂದರೆ ಏನೆಂದು ಮನೆ ಕಟ್ಟಿಸಿದವರಿಗೆ ಗೊತ್ತು. ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಎರಡಾದರೆ ಹೊಗೆ, ಮೂರು ಸಿಂಹ, ನಾಲ್ಕು ನಾಯಿ, ಐದು ಎತ್ತು, ಆರು ಕತ್ತೆ, ಏಳು ಆನೆ. ಏನೂ ಉಳಿಯದಿದ್ದರೆ ಕಾಗೆ. ಧ್ವಜ, ಸಿಂಹ, ಎತ್ತು, ಆನೆ ಬಂದರೆ ಶುಭ. ಉಳಿದವು ಬಂದರೆ ಬಡಿಗ ಗೋಡೆಯನ್ನೋ ಬಾಗಿಲನ್ನೋ ಒಂದಿಷ್ಟು ಸರಿಸುತ್ತಾನೆ. ನನ್ನ ಹಡಗು ಉದ್ದ ಮೂವತ್ತೈದು ಬೆರಳು, ಅಗಲ ಹತ್ತು. ಮುನ್ನೂರೈವತ್ತನ್ನು ಎಂಟರಿಂದ ಭಾಗಿಸಿದರೆ ಆರು ಉಳಿಯುತ್ತದೆ, ಕತ್ತೆ. ಅಗಲವನ್ನು ಹನ್ನೊಂದು ಮಾಡಿದರೆ ಒಂದು ಉಳಿಯುತ್ತದೆ, ಧ್ವಜ. ಮೋನಪ್ಪ ನನಗೆ ಹೇಳದೆ ಕತ್ತೆಯನ್ನು ಇಳಿಸಿ ಧ್ವಜ ಏರಿಸಿದ್ದ.

ಇಂದಾದರೆ ನಗುತ್ತಿದ್ದೆ. ಅಂದು ನನಗೆ ಮೈ ಉರಿಯಿತು. ಹೊಲದ ಗಡಿ ಒಂದು ಗೇಣು ಹೆಚ್ಚುಕಡಿಮೆಯಾದರೆ ದಿನಗಟ್ಟಲೆ ಕಾಗದ ಆಡಿಸುವ ಇಲಾಖೆಯ ಮನುಷ್ಯ ನಾನು. ಅಳತೆ ತಪ್ಪಿದರೆ ಲೋಕ ತಪ್ಪಿದಂತೆ. “ಇದು ನಿನ್ನ ಚಕ್ಕಡಿ ಅಲ್ಲ! ಸಮುದ್ರದಾಗ ಓಡೂದಕ್ಕ ನಿನ್ನ ಆಯ ಯಾರಿಗೆ ಬೇಕಾಗೇದ?” ಎಂದು ಕೂಗಾಡಿದೆ. ಗಾಲಿಗೆ ಕಾಯುತ್ತ ಕುಳಿತಿದ್ದ ಚಚಡಿ ಊರಿನ ಇಬ್ಬರು ರೈತರು ತಲೆ ತಗ್ಗಿಸಿದರು. ತನ್ನ ಅಂಗಡಿಯಲ್ಲಿ, ತನ್ನ ಗಿರಾಕಿಗಳ ಎದುರು ಬೈಸಿಕೊಂಡ ಮೋನಪ್ಪ ಉಳಿಯನ್ನು ಒರೆಸಿ ಕೆಳಗಿಟ್ಟ. “ನಿಮ್ಮ ಸಲುವಾಗಿ ಮಾಡೇನ್ರಿ,” ಎಂದಷ್ಟೇ ಅಂದು ಗಾಲಿಯ ಕೆಲಸಕ್ಕೆ ತಿರುಗಿದ. ನಾನು ಹಡಗನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ. ತಿಂಗಳೊಳಗೆ ಸವದತ್ತಿಗೆ ವರ್ಗವಾಯಿತು. ಹೇಳಿ ಹೋಗಲು ಅವನ ಅಂಗಡಿಗೆ ನಾನು ಹೋಗಲಿಲ್ಲ.

ಆಮೇಲೆ ಐದು ವರ್ಷ ಹಡಗನ್ನು ಮುಟ್ಟಲಿಲ್ಲ. ಬೇಸರ ಬಂದು ಬಿಟ್ಟೆನೆಂದು ಎಲ್ಲರಿಗೂ ಹೇಳಿದೆ, ಅದು ಸುಳ್ಳೂ ಅಲ್ಲ. ಸಂಜೆ ಕಚೇರಿಯಿಂದ ಬಂದು ಅಂಗಿಯ ಗುಂಡಿ ಬಿಚ್ಚುವುದೇ ಒಂದು ಕೆಲಸವಾಗುವ ಕಾಲ ಬಂದಿತ್ತು. ರಾಮದುರ್ಗಕ್ಕೆ ಬಂದ ಮೇಲಂತೂ ರಾಜ್ಯಗಳ ಮರುವಿಂಗಡಣೆಯಾಗಿ, ಮುಂಬಯಿಯ ಕಾಗದಗಳೆಲ್ಲ ಮೈಸೂರಿನ ಕಾಗದಗಳಾಗುವ ಗದ್ದಲ. ಮರಾಠಿಯಲ್ಲಿ ಮಲಗಿದ್ದ ದಫ್ತರುಗಳನ್ನು ಎಬ್ಬಿಸಿ ಕನ್ನಡದಲ್ಲಿ ಕೂರಿಸುವ ಕೆಲಸ ನಮ್ಮ ಪಾಲಿಗೆ ಬಂತು. ಕನ್ನಡ ಬಂತೆಂದು ಸಂತೋಷವಾದದ್ದು ನಿಜ, ಬೆನ್ನು ಬಿದ್ದುಹೋದದ್ದೂ ನಿಜ. ಮೈಯ ದಣಿವು ಒಂದು ನಿದ್ದೆಗೆ ಹೋಗುತ್ತದೆ. ಏನೂ ಬೇಡವೆನ್ನಿಸುವ ದಣಿವು ಬೇರೆ, ಅದು ಎದ್ದ ಕೂಡಲೇ ನಮ್ಮ ಜೊತೆಗೇ ಏಳುತ್ತದೆ. ಒಬ್ಬ ನೆರೆಯವರು ಪಂಚೆ ಸರಿಸಿ ನೋಡಿ, “ಆಕಳ ತಂದೀರೇನ್ರಿ? ಮೇವು ಹಾಕೂ ಗೋದಲಿ ಭಾಳ ಸಣ್ಣದಾತು,” ಎಂದರು. ನಾನು ಅವರನ್ನು ತಿದ್ದಲೂ ಹೋಗಲಿಲ್ಲ.

ಈ ನವರಾತ್ರಿಯಲ್ಲಿ ಆಯುಧಪೂಜೆಗೆ ಇಡಲು ನನ್ನ ಹೆಂಡತಿ ಹಡಗಿನ ಹೊಟ್ಟೆಯಿಂದ ನನ್ನ ಉಳಿ ತೆಗೆದಳು. ತುಕ್ಕು ಹಿಡಿದು ಕೆಂಪಗಾಗಿತ್ತು.

“ದೇವಿ ಮುಂದ ಇದನ್ನ ಹ್ಯಾಂಗ ಇಡ್ಲಿ? ಒಂದೋ ಈ ಹಡಗ ಮುಗಸ್ರಿ, ಇಲ್ಲಾ ಬಚ್ಚಲ ಒಲಿಗೆ ಕೊಡ್ರಿ. ನಿಮ್ಮನ್ನೂ ಅದನ್ನೂ ಒಟ್ಟಿಗೆ ನೋಡಿದ್ರ ನನಗ ಸಂಕಟ ಆಗ್ತದ.”

ಉಳಿ ಮಸೆದೆ. ಪೂಜೆಯಾದ ಮರುದಿನ ಹಡಗಿನ ಎದುರು ಕುಳಿತೆ. ಉತ್ಸಾಹ ಉಕ್ಕಿತೆಂದು ನೀವು ನಿರೀಕ್ಷಿಸಿದರೆ ಕ್ಷಮಿಸಿ, ಆಕಳಿಕೆ ಬಂತು. ಧೂಳು ಒರೆಸಿದ ಮೇಲೆ ಏನು ಮಾಡಬೇಕೆಂದು ತೋಚದೆ, ಅಭ್ಯಾಸಬಲದಿಂದ ಅಳೆಯತೊಡಗಿದೆ. ಅಗಲ ಹನ್ನೊಂದು, ಸರಿ. ಉದ್ದ ಮೂವತ್ತಾರು! ಮತ್ತೆ ಅಳೆದೆ, ಮೂವತ್ತಾರೇ. ಆಗ ಹೊಳೆಯಿತು. ಮೋನಪ್ಪ ಆಯ ನೋಡಿದ್ದು ಮೂಗು ಹಚ್ಚುವ ಮೊದಲು. ಚಕ್ಕಡಿಗೂ ಬಾಗಿಲಿಗೂ ಮೂಗಿಲ್ಲ, ತೊಟ್ಟಿಲಿಗೂ ಇಲ್ಲ. ಹಡಗಿಗೆ ಇದೆ, ಒಂದು ಬೆರಳು ಮುಂದಕ್ಕೆ. ಮೂವತ್ತಾರು ಹನ್ನೊಂದಲೆ ಮುನ್ನೂರ ತೊಂಬತ್ತಾರು. ಎಂಟರಿಂದ ಭಾಗಿಸಿದರೆ ಉಳಿದದ್ದು ನಾಲ್ಕು. ನಾಯಿ! ಕತ್ತೆಯನ್ನು ಇಳಿಸಿ ಅವನು ಹತ್ತಿಸಿದ್ದು ಓಣಿ ಓಣಿ ತಿರುಗುವ ನಾಯಿಯನ್ನು.

ಐದು ವರ್ಷದಲ್ಲಿ ನಾನು ಅಷ್ಟು ಚುರುಕಾಗಿ ಎದ್ದು ನಿಂತದ್ದಿಲ್ಲ. ಆಯವನ್ನು ನಂಬದ ನಾನು ಆಯದ ಲೆಕ್ಕವನ್ನು ನಾಲ್ಕು ಸಲ ಮಾಡಿದೆ. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ನನ್ನನ್ನು ಹಡಗಿನ ಕಡೆಗೆ ಮತ್ತೆ ತಿರುಗಿಸಿದ್ದು ಸಮುದ್ರದ ಮೋಹವಲ್ಲ, ಗೆಳೆಯನನ್ನು ಅವನ ಶಾಸ್ತ್ರದಲ್ಲೇ ಸೋಲಿಸುವ ಆಸೆ. ಮುಂದಿನ ಆದಿತ್ಯವಾರ ಹಡಗನ್ನು ಪಂಚೆಯಲ್ಲಿ ಕಟ್ಟಿಕೊಂಡು ಬೈಲಹೊಂಗಲಕ್ಕೆ ಹೊರಟೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಆಡಬೇಕಾದ ಮಾತನ್ನೆಲ್ಲ ಒಳಗೊಳಗೇ ಆಡಿ ನೋಡಿದೆ.

ಮೋನಪ್ಪ ಸೊರಗಿದ್ದ. ಕಣ್ಣಿಗೆ ಮಂಜು ಬಂದು ಗಾಲಿಯ ಕೆಲಸ ಬಿಟ್ಟು, ಲಟ್ಟಣಿಗೆ ಮಣೆಗಳಷ್ಟನ್ನೇ ಮಾಡುತ್ತಿದ್ದ. ದನಿಯಿಂದಲೇ ಗುರುತು ಹಿಡಿದ. “ಬರ್ರಿ ರಾಯರ, ಕುಂಡ್ರಿ,” ಎಂದ, ನಾನು ನಿನ್ನೆ ಎದ್ದುಹೋದವನೋ ಎಂಬಂತೆ. ಗಂಟು ಬಿಚ್ಚಿ ಹಡಗನ್ನು ಮುಂದಿಟ್ಟೆ. ಅವನು ಅಂಗೈಯಿಂದ ಅದರ ಮೈ ಸವರುತ್ತ ಬಂದು, ಆ ಸಂದಿನಲ್ಲಿ ಬೆರಳಿಟ್ಟ.

“ಅವತ್ತ ನೀವು ಸಿಟ್ಟಾದ್ರಿ, ನಾನೂ ಬಾಯಿ ಬಿಡಲಿಲ್ಲ,” ಎಂದ. “ಕತ್ತೆ ಆಯ ಇತ್ತರೀ ಅದು. ನೌಕರಿ ಮಂದಿ ಮನ್ಯಾಗ ಅದಿದ್ರ ಹೇರು ಹೊರಸಿ ಊರಿಂದ ಊರಿಗೆ ಹೊಡೀತಾರ. ನಿಮಗ ವರ್ಗ ಆಗಬಾರದು ಅಂತ ಬೆರಳು ಸರಸಿದೆ. ನೀವು ಹೋದ್ರ ಅಮಾಸಿ ದಿನ ನನಗ ಮಾತಾಡಾಕ ಯಾರದಾರ?”

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ನಾಯಿಯನ್ನು ನಾನು ಬಿಚ್ಚಲಿಲ್ಲ. “ಆದರೂ ವರ್ಗ ಆತಲ್ಲ ಮೋನಪ್ಪ,” ಎಂದೆ.

“ಆತ್ರಿ. ಎಲ್ಲೀತನಾ ಆತು? ಸವದತ್ತಿ, ರಾಮದುರ್ಗ. ಮನಸ್ಸು ಮಾಡಿದ್ರ ಒಂದ ದಿನದಾಗ ಬಂದು ಹೋಗೂ ದಾರಿ. ಮೊದಲಿನ ಅಳತಿ ಇದ್ದಿದ್ರ ಎಲ್ಲಿಗೆ ಒಗೀತಿದ್ರೋ! ಆ ಒಂದು ಬೆರಳು ನಿಮ್ಮನ್ನ ಹಿಡದು ನಿಲ್ಲಿಸೇತಿ.” ಆಮೇಲೆ ಸಂಕೋಚದಿಂದ ಕೇಳಿದ: “ಅಳತಿ ಸರಿ ಐತೆಲ್ರಿ? ಐದು ವರ್ಷ ಅದ ವಿಚಾರ. ನನಗ ಈಗ ಕೋಲಿನ ಗೆರಿ ಕಾಣಸೂದಿಲ್ಲ. ನೀವ ನೋಡಿ ಹೇಳ್ರಿ.”

ಕೋಲು ತೆಗೆದುಕೊಂಡು ಹಡಗಿನ ಹಿಂದಿನ ತುದಿಗೆ ಇಟ್ಟೆ. ಅವನು ಕಿವಿಗೊಟ್ಟು ಕುಳಿತಿದ್ದ. ನಾನು ನಿಧಾನವಾಗಿ ಎಣಿಸುತ್ತ ಬಂದು, ಮೂಗು ಶುರುವಾಗುವ ಕಡೆ ಹೆಬ್ಬೆರಳು ಊರಿದೆ.

“ಉದ್ದ ಮೂವತ್ತೈದು. ಅಗಲ ಹನ್ನೊಂದು.”

ಮೋನಪ್ಪ ಬೆರಳ ಗೆಣ್ಣುಗಳ ಮೇಲೆ ಲೆಕ್ಕ ಹಾಕಿದ. “ಒಂದು ಉಳೀತು. ಧ್ವಜ,” ಎಂದ. ಅವನ ಮುಖ ಅಷ್ಟು ಹಗುರವಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ಹೌದು ಮೋನಪ್ಪ. ಅದಕ್ಕ ನಾ ಇಷ್ಟು ಹತ್ತಿರ ಉಳಿದೀನಿ.”

ನನ್ನ ದಣಿವು ಹೋಯಿತೆಂದು ಹೇಳಲಾರೆ. ರಾಮದುರ್ಗದಲ್ಲಿ ದಫ್ತರುಗಳು ಕಾಯುತ್ತಿವೆ, ಬೆನ್ನು ನೋಯುತ್ತಿದೆ, ಆ ಸಂದಿಗೆ ಎರಡೂ ಕಡೆ ಹೊಸ ಪಟ್ಟಿ ಕೂರಿಸಿ ಹಡಗು ಮುಗಿಸಲು ಇನ್ನೆಷ್ಟು ಆದಿತ್ಯವಾರ ಬೇಕೋ ತಿಳಿಯದು. ಆದರೆ ಒಂದು ಬೆರಳಿಗಾಗಿ ಅವನನ್ನು ನಾಲ್ಕು ಜನರ ಎದುರು ಬೈದಿದ್ದ ಕಾರಕೂನ, ಅಂದು ಅವನ ಎದುರಿನಲ್ಲೇ ಒಂದು ಬೆರಳು ಕದ್ದ. ನಾನು ಕುಳಿತುಕೊಳ್ಳಲೆಂದು ಮೋನಪ್ಪ ಒಂದು ಮಣೆ ಸರಿಸಿ, ಉಳಿ ಮಸೆಯತೊಡಗಿದ.