ಅಮಾವಾಸ್ಯೆಯ ಬ್ಯಾಕಪ್

ಹೋದ ವಾರ ನನ್ನ ತಂಗಿ ಶಶಿಕಲಾಗೆ ಮಾನ್ವಿಯಿಂದ ಒಂದು ಸಂಬಂಧ ಬಂತು. ಹುಡುಗನ ಮನೆಯವರದು ರೈಸ್ ಮಿಲ್. ನನಗೆ ಫೋನ್ ಮಾಡಿದ ಹಿರಿಯರು ಬಹಳ ಮರ್ಯಾದಸ್ಥರು. ‘ಹುಡುಗಿ ಡಿಗ್ರಿ ಈಗರೆ ಮುಗಿಸ್ಯಾಳಂತಲ್ರೀ?’ ಅಂದರು.

ಆಕೆ ಡಿಗ್ರಿ ಮುಗಿಸಿ ಎಷ್ಟೋ ವರ್ಷವಾಯಿತು. ಆಮೇಲೆ ಮದುವೆಯಾಯಿತು. ಗಂಡ ತೀರಿಕೊಂಡ. ಇನ್ನೊಂದು ಸಂಬಂಧ ನೋಡೋಣ ಅಂತ ನಾವು ಬೆನ್ನು ಹತ್ತಿ, ಆಕೆ ‘ಹೂಂ’ ಅಂದದ್ದು ಮೊನ್ನೆ ಮೊನ್ನೆ. ಇವರು ಕೇಳುತ್ತಿರುವುದು ಯಾವ ಶಶಿಕಲಾಳನ್ನು?

ಕಾರಣ ಗೊತ್ತಾದದ್ದು ರಾಯಚೂರಿನ ವಧು-ವರ ಕೇಂದ್ರದಲ್ಲಿ, ಮೊದಲ ಮದುವೆಗೂ ಈಗಲೂ ನಾವು ಹೆಸರು ಬರೆಸಿದ್ದ ಜಾಗದಲ್ಲಿ. ಮಾಲೀಕರು ಶರಣಪ್ಪನವರು. (ಅರ್ಧ ಊರಿಗೆ ಬೀಗರನ್ನು ಹುಡುಕಿಕೊಟ್ಟವರು. ಅಷ್ಟೇ ಜನರಿಂದ ಬೈಸಿಕೊಂಡವರೂ ಹೌದು.) ಅವರ ಹಾರ್ಡ್ ಡಿಸ್ಕ್ ಕೆಟ್ಟು ಎಲ್ಲರ ಮಾಹಿತಿಯೂ ಮಾಯ. ಬ್ಯಾಕಪ್ ಇರಲಿಲ್ಲವೇ? ಇತ್ತು ಮಾರಾಯ್ರೆ! ಪ್ರತಿ ಅಮಾವಾಸ್ಯೆಗೆ ತಪ್ಪದೆ ಬ್ಯಾಕಪ್ ತೆಗೆದು, ಆಮೇಲೆ ಆಫೀಸಿನ ಪೂಜೆ ಮಾಡುವವರು ಇವರು. ಪೆನ್‌ಡ್ರೈವ್‌ಗೂ ವಿಭೂತಿ, ಕುಂಕುಮ. ಈ ಸಲ ಕಾಯಿ ಒಡೆದಾಗ ಕಾಯಿನೀರೂ ಅದರ ಮೇಲೆ ಬಿದ್ದಿತ್ತು. ಬೇಕಾದಾಗ ಅದು ಬಾಯಿ ಬಿಡಲಿಲ್ಲ.

ಉಳಿದದ್ದು ಎರಡು ಬ್ರಾಂಚ್. ದೇವದುರ್ಗದಲ್ಲಿ ಪೂರ್ತಿ ಕಾಪಿ ಇತ್ತು, ಆದರೆ ಬ್ರಾಂಚ್ ಶುರುವಾದ ಕಾಲದ್ದು. ಮಾನ್ವಿಯದು ಹೊಸದು, ಆದರೆ ಕಾಪಿ ಆಗುವಾಗ ಕರೆಂಟ್ ಹೋಗಿ ‘ಪ’ ಅಕ್ಷರದ ಹೆಸರುಗಳಿಗೇ ನಿಂತಿತ್ತು. ಶರಣಪ್ಪನವರು ಎರಡನ್ನೂ ಕೂಡಿಸಿ ತೇಪೆ ಹಾಕಿಸಿದರು. ಹೀಗಾಗಿ ‘ಪ’ ತನಕ ಇದ್ದವರು ಈಗಿನವರು, ಮುಂದಿನವರೆಲ್ಲ ಹಳಬರು. ದೇವದುರ್ಗದ ವಿರೂಪಾಕ್ಷಪ್ಪ ಅನ್ನುವವನಿಗೆ ‘ಕನ್ಯಾ ಅದ, ನೋಡ್ತೀರೇನು’ ಅಂತ ಫೋನ್ ಹೋಯಿತಂತೆ. ಎತ್ತಿದ್ದು ಅವನ ಹೆಂಡತಿ. ಇನ್ನು ಶಶಿಕಲಾ? ‘ಶ’ದಲ್ಲಿದ್ದ ತಪ್ಪಿಗೆ ಮತ್ತೆ ಕನ್ಯೆಯಾಗಿ ಕೂತಿದ್ದಳು.

ತಿದ್ದಿಸಲು ನಾನು, ಅವ್ವ, ಶಶಿ ಹೋದೆವು. ಶರಣಪ್ಪನವರು ಕೀಬೋರ್ಡ್ ಮೇಲಿಟ್ಟ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ದನಿ ತಗ್ಗಿಸಿ ಅವ್ವನಿಗೆ ಹೇಳಿದರು: ‘ಯವ್ವಾ, ಆ ಮದುವಿ ತಾನಾ ಅಳಿಸಿ ಹೋಗ್ಯಾದ. ನಾವಾಗಿ ಯಾಕ ಬರೀಬೇಕು? ಮಿಲ್‌ನವರಿಗೆ ಮೊದಲನೇ ಸಂಬಂಧನ ಬೇಕಂತ. ವಯಸ್ಸೊಂದು ತಿದ್ದಿ ಬಿಡ್ತೀನಿ.’

ಕೆಟ್ಟ ಮನುಷ್ಯರಲ್ಲ ಅವರು. ಶಶಿಗೆ ಒಳ್ಳೆಯದಾಗಲಿ ಅಂತಲೇ ಅಂದದ್ದು. ಅವ್ವ ಬೇಡ ಅನ್ನಲಿಲ್ಲ, ನನ್ನ ಮುಖ ನೋಡಿದಳು. ನಾನೂ ಬೇಡ ಅನ್ನಲಿಲ್ಲ. (ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವುದು ಬೇರೆ, ಸ್ವಂತ ತಂಗಿಗೆ ರೈಸ್ ಮಿಲ್ ಸಂಬಂಧ ಬರುವುದು ಬೇರೆ.) ನಾಳೆ ಮಾನ್ವಿಯವರಿಗೆ ಗೊತ್ತಾದರೆ ಗತಿಯೇನು ಅನ್ನುವುದು ಕೂಡ ನನ್ನ ತಲೆಗೆ ಬರಲಿಲ್ಲ.

ಶಶಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

‘ಅವರು ಸತ್ತಾರ, ಖರೆ ರೀ. ಇದ್ದೇ ಇರಲಿಲ್ಲ ಅಂತ ಹೆಂಗ ಬರಸ್ಲಿ?’

ಶರಣಪ್ಪನವರು ಟೈಪ್ ಮಾಡತೊಡಗಿದರು. ಎರಡನೇ ಸಂಬಂಧ. ಗಂಡನ ಹೆಸರು, ಅವನ ಊರು ಅರಕೇರಾ. ಒಂದೊಂದನ್ನೂ ಆಕೆಯೇ ಹೇಳಿದಳು, ಕನ್ನಡಕ ಹಾಕಿಕೊಂಡು ಸ್ಕ್ರೀನ್ ಮೇಲೆ ಓದಿ ನೋಡಿದಳು. ಅಲ್ಲಿಂದಲೇ ನಾನು ಮಾನ್ವಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ತಿಳಿಸಿದೆ. ಹಿರಿಯರು, ಮನೆಯಲ್ಲಿ ವಿಚಾರ ಮಾಡಿ ಹೇಳುತ್ತೇವೆ ಅಂದರು. ಈ ಮಾತಿನ ಅರ್ಥ ಹೆಣ್ಣಿನ ಕಡೆಯವರಿಗೆಲ್ಲ ಗೊತ್ತು. ಅವ್ವ ಕಣ್ಣೊರೆಸಿಕೊಂಡಳು. ನನಗೂ ಸಂಕಟವಾಯಿತು.

ನಾವಿಬ್ಬರೂ ಹೊರಡಲು ಎದ್ದೆವು. ಶಶಿ ಮಾತ್ರ ಏಳಲಿಲ್ಲ.

‘ಹೊಸಾ ಪೆನ್‌ಡ್ರೈವ್ ತಗೀರಿ,’ ಅಂದಳು. ‘ಇದಕ್ಕ ಅಮಾಸಿ ತನಕ ಕಾಯಬ್ಯಾಡ್ರಿ.’